ದೊಡ್ಡಮ್ಮನ ಜಗಲಿ, ಆರು ಮನೆ, ಒಂದೇ ಮಾಡು

ದೊಡ್ಡಮ್ಮನ ಮನೆ ಇರೋದು ಮರವಂತೆ ದಾಟಿ ನಾವುಂದದ ಕಡೆ ಹೋಗ್ತಾ ಹೈವೇ ಬಿಟ್ಟು ಪಡುಬದಿಗೆ ಇಳಿಯೋ ಒಂದು ಸಣ್ಣ ರಸ್ತೆಯಲ್ಲಿ. ರಾತ್ರಿ ಮಲಗಿದ್ರೆ ಕಡಲಿನ ಸದ್ದು ತಲೆದಿಂಬಿನ ಹತ್ರನೇ ಇದೆ ಅನ್ಸತ್ತೆ, ಆದ್ರೆ ಮನೆಯಿಂದ ಕಡಲು ಕಾಣಲ್ಲ. ಮನೆ ಕಡಲಿಗೆ ಬೆನ್ನು ಹಾಕಿ ರಸ್ತೆ ಕಡೆ ಮುಖ ಮಾಡಿ ಕೂತಿದೆ. ಚಿಕ್ಕವನಿದ್ದಾಗ ಇದ್ಯಾಕೆ ಹೀಗೆ ಕಟ್ಟಿದ್ರಪ್ಪ ಅಂತ ನಂಗೆ ಬೇಜಾರಾಗ್ತಿತ್ತು, ಇಷ್ಟು ಚಂದದ ಕಡಲು ಹಿಂದೆ ಇಟ್ಕೊಂಡು ಎದುರುಗಡೆ ಏನಿದೆ, ಒಂದು ಮಣ್ಣು ರಸ್ತೆ, ನಾಲ್ಕು ತೆಂಗಿನಮರ, ಆಚೆಮನೆ ಬೇಲಿ.

ಅರ್ಥ ಆಗಿದ್ದು ತುಂಬಾ ತಡವಾಗಿ. ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೆದಿಟ್ಟು ಮೂರು ಗಂಟೆ ಹೊತ್ತಿಗೆ ದೊಡ್ಡಮ್ಮ ಜಗಲಿಗೆ ಬರ್ತಾರೆ. ಜಗಲಿ ಅಂಚಿನ ಕಟ್ಟೆಯ ಒಂದು ಜಾಗ ಅವರು ಕೂತು ಕೂತು ಸವೆದು ನುಣ್ಣಗಾಗಿದೆ, ಕೈ ಆಡಿಸಿದ್ರೆ ಪಕ್ಕದ ಜಾಗಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗತ್ತೆ. ಅಲ್ಲಿ ಕೂತು ಕಂಬಕ್ಕೆ ಬೆನ್ನು ಕೊಟ್ರೆ ರಸ್ತೆ ಎರಡೂ ಕಡೆ ತಿರುವಿನವರೆಗೆ ಕಾಣತ್ತೆ. ಶಾಲೆ ಬಿಟ್ಟ ಮಕ್ಕಳು, ಡೈರಿಗೆ ಹಾಲು ಕೊಡೋಕೆ ಹೋಗೋರು, ಬುಟ್ಟಿ ಇಳಿಸಿ ಎರಡು ನಿಮಿಷ ಕೂತು ಎಲೆಅಡಿಕೆ ಹಾಕ್ಕೊಂಡು ಹೋಗೋ ಮೀನಿನವಳು, ಎಲ್ಲರೂ ಒಂದು ಮಾತಾಡಿಸಿಯೇ ಮುಂದೆ ಹೋಗ್ತಾರೆ. ಒಂದು ದಿನ ದೊಡ್ಡಮ್ಮ ಕೂತಿಲ್ಲ ಅಂದ್ರೆ ಯಾರಾದ್ರೂ ಒಳಗೆ ಹಣಕಿ ನೋಡ್ತಾರೆ. ಗಂಡ ಹೋಗಿ 14 ವರ್ಷ ಆಯ್ತು, ಮಗ ಮುಂಬೈಯಲ್ಲಿ, ಮಗಳು ಮಸ್ಕತ್‌ನಲ್ಲಿ, ಆದ್ರೂ ಅವರು ಒಂಟಿ ಅಂತ ನಮಗೆ ಯಾವತ್ತೂ ಅನ್ಸಿರಲಿಲ್ಲ, ಆ ಜಗಲಿ ಇತ್ತಲ್ಲ.

ಆಮೇಲೆ ಬಿದ್ರು. ದೇವರ ಕೋಣೆಯ ಹೊಸ್ತಿಲು ಮುಕ್ಕಾಲು ಅಡಿ ಎತ್ತರ, ಒಳಗೆ ಹಗಲಲ್ಲೂ ಕತ್ತಲೆ, ಕಾಲು ತಾಗಿ ಸೊಂಟದ ಮೂಳೆ ಮುರೀತು. ಆಪರೇಷನ್ ಆದಮೇಲೆ ಇನ್ನು ಒಬ್ಬರೇ ಬಿಡೋದು ಬೇಡ ಅಂತ ಮಕ್ಕಳು ಸೇರಿ ಪೇಟೆ ಹತ್ರ ನಾಲ್ಕನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ತಗೊಂಡ್ರು, ಒಬ್ಬ ಹೋಮ್ ನರ್ಸ್, ಲಿಫ್ಟ್, ಎಸಿ, ಎದುರಿಗೆ ಪೂರ್ತಿ ಕಡಲು. ಪ್ರೀತಿಯಿಂದಲೇ ಮಾಡಿದ್ದು, ಯಾರದ್ದೂ ತಪ್ಪಿಲ್ಲ. ನಾನೂ ಹೋಗಿ ನೋಡಿ ದೊಡ್ಡಮ್ಮ ಏನ್ ವ್ಯೂ ಇದೆ ನಿಮಗೆ ಅಂದೆ. ಅವರು ಗಾಜಿನ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದ್ರು, "ಕಡ್ಲ್ ಕಾಂಬುಕೆ ಎಂತ ಇತ್ತ್ ಮಗಾ, ಅದೆಲ್ಲೂ ಹೋತಿಲ್ಲ. ಜನ ಕಾಣ್ಕ್ ಅಲ್ದಾ."

ಈ ಬರಹ ಬರೀಬೇಕು ಅನ್ಸಿದ್ದೇ ಆ ಮಾತಿಂದ.

ಆ ಫ್ಲ್ಯಾಟಿನ ಬಗ್ಗೆ ಇನ್ನೊಂದು ಹೇಳ್ಬೇಕು. ಕಟ್ಟಡಕ್ಕೆ ಇನ್ನೂ ಹತ್ತು ವರ್ಷನೂ ಆಗಿರ್ಲಿಲ್ಲ. ಬಾಲ್ಕನಿ ಮೇಲಿನ ಸ್ಲ್ಯಾಬಿನ ತಳದಲ್ಲಿ ಉದ್ದಕ್ಕೆ ಒಂದು ಬಿರುಕು, ಅದರ ಗುಂಟ ಕಂದು ಬಣ್ಣದ ಕಲೆ ಇಳಿದಿತ್ತು, ಒಂದು ಕಡೆ ಅಂಗೈ ಅಗಲದ ಸಿಮೆಂಟ್ ಚೆಕ್ಕೆ ಬಿದ್ದು ಒಳಗಿನ ಸರಳು ಕಾಣ್ತಿತ್ತು, ಮುಟ್ಟಿದ್ರೆ ಪದರ ಪದರವಾಗಿ ಉದುರ್ತಿತ್ತು. ಕಡಲ ಗಾಳಿಯ ಉಪ್ಪು ಮಾಡೋ ಕೆಲಸ ಇದು. ಗಾಳಿ ಜೊತೆ ಬರೋ ಉಪ್ಪಿನಂಶ ತೇವದ ಜೊತೆ ಸೇರಿ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗಿನ ಕಬ್ಬಿಣಕ್ಕೆ ತಲುಪತ್ತೆ, ಕಬ್ಬಿಣ ತುಕ್ಕು ಹಿಡಿದ್ರೆ ಆ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಒಳಗಿಂದಲೇ ಒತ್ತಿ ಒತ್ತಿ ಕಾಂಕ್ರೀಟನ್ನ ಒಡೆಯತ್ತೆ. ಇದು ಗೊತ್ತಿಲ್ಲದ ವಿಷಯ ಏನಲ್ಲ. ನಮ್ಮ ದೇಶದ ಕಾಂಕ್ರೀಟ್ ನಿಯಮಾವಳಿ ಐಎಸ್ 456, 2000ನೇ ಇಸವಿದು, ಅದರಲ್ಲೇ ಇದೆ, ಕರಾವಳಿ ಗಾಳಿಗೆ ತೆರೆದುಕೊಂಡಿರೋ ಕಡೆ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟ್ ಕವರ್ ಬೇಕು, ಕಾಂಕ್ರೀಟಿನ ಬಲ ಎಂ30 ಗ್ರೇಡ್ ಇರ್ಬೇಕು, ಸಮುದ್ರದ ನೀರಿನ ಹನಿ ನೇರ ಹಾರೋ ಜಾಗ ಆದ್ರೆ 50 ಮಿಲಿಮೀಟರ್ ಮತ್ತೆ ಎಂ35. ಆದ್ರೆ ನಮ್ಮ ಕಡೆ ಮನೆ ಕಟ್ಟೋ ಜಾಗಕ್ಕೆ ಹೋಗಿ ನೋಡಿ, ಒಂದು ಜಲ್ಲಿ ಚೂರು ಸರಳಿನ ಅಡಿ ತುರುಕಿ ಕವರ್ ಆಯ್ತು ಅಂತಾರೆ. 80 ವರ್ಷದ ಒಬ್ಬರ ತಲೆ ಮೇಲಿರೋ ಸ್ಲ್ಯಾಬ್ ಅದು.

ಇನ್ನು ಗಾಜು. ಪಶ್ಚಿಮಕ್ಕೆ ಪೂರ್ತಿ ಗಾಜು ಹಾಕಿದ್ರೆ ಮಧ್ಯಾಹ್ನ ಎರಡರ ನಂತರ ಒಳಗೆ ಒಲೆ. ಬಾಗಿಲು ತೆಗೆದ್ರೆ ಉಪ್ಪು ಗಾಳಿಗೆ ಟಿವಿ ಫ್ರಿಜ್ ಹಾಳು ಅಂತ ಮುಚ್ಚಿಡೋದು, ಮುಚ್ಚಿದ್ರೆ ಸೆಕೆ ಅಂತ ಎಸಿ ಹಾಕೋದು, ಎಸಿಯ ಹೊರಗಿನ ಪೆಟ್ಟಿಗೆ ಎರಡು ಮಳೆಗಾಲಕ್ಕೆ ತುಕ್ಕು ತಿಂದು ಹೋಗೋದು. ಕಡಲ ಪಕ್ಕ ಇದ್ಕೊಂಡು ಕಡಲ ಗಾಳಿ ಮೈಗೆ ತಾಗದ ಹಾಗೆ ಬದುಕೋಕೆ ಅಷ್ಟೆಲ್ಲ ಕರೆಂಟ್ ಸುಡೋದು ನೋಡಿದ್ರೆ ಸಂಕಟ ಆಗತ್ತೆ ನಂಗೆ. ದೊಡ್ಡಮ್ಮ ಏಳು ತಿಂಗಳು ಇದ್ರು ಅಲ್ಲಿ. ಪಕ್ಕದ ಬಾಗಿಲಲ್ಲಿ ಯಾರಿದ್ದಾರೆ ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ. ವಾಕರ್ ಹಿಡ್ಕೊಂಡು ಹಳೇ ಮನೆಗೆ ವಾಪಸ್ ಬಂದ್ರು.

ಆ ಮಧ್ಯೆ ನಾವು ಹಿರಿಯರಿಗಂತಲೇ ಕಡಲ ಬದಿ ಕಟ್ಟಿದ ಒಂದು ವಸತಿ ಸಮುಚ್ಚಯಕ್ಕೂ ಹೋಗಿ ಬಂದಿದ್ವಿ, ಹೆಸರು ಬೇಡ. ಪರಿಸರಸ್ನೇಹಿ ಅಂತ ದೊಡ್ಡ ಬೋರ್ಡ್ ಇತ್ತು, ಸೋಲಾರ್ ಇತ್ತು, ಮಳೆನೀರು ಕೊಯ್ಲಿತ್ತು, ಅದೆಲ್ಲ ಒಳ್ಳೇದೇ. ಆದ್ರೆ ಉದ್ದ ಕಾರಿಡಾರ್, ಎರಡೂ ಕಡೆ ಮುಚ್ಚಿದ ಬಾಗಿಲು, ಸಂಜೆ ನಾಲ್ಕು ಗಂಟೆಗೆ ಹೊರಗೆ ಒಬ್ಬರೂ ಇಲ್ಲ. ಎಲ್ಲರೂ ಸೇರೋ ಹಾಲ್ ಅಂತ ಒಂದಿತ್ತು, ಅದಕ್ಕೆ ಬೀಗ, ಕಾರ್ಯಕ್ರಮ ಇದ್ದಾಗ ತೆಗೀತಾರಂತೆ. ವಾಪಸ್ ಬರ್ತಾ ಕಾರಲ್ಲಿ ದೊಡ್ಡಮ್ಮ ಏನೂ ಮಾತಾಡ್ಲಿಲ್ಲ. ಆಗ ನಂಗೆ ಅನ್ಸಿದ್ದು, ಜನ ಸೇರೋಕೆ ಒಂದು ಹಾಲ್ ಕಟ್ಟಿದ್ರೆ ಜನ ಸೇರಲ್ಲ, ಜನ ದಿನಾ ಓಡಾಡೋ ದಾರಿಯಲ್ಲೇ ಕೂರೋಕೆ ಒಂದು ಜಾಗ ಇರ್ಬೇಕು, ನೆರಳಿರ್ಬೇಕು, ಬೆನ್ನಿಗೆ ಆಧಾರ ಇರ್ಬೇಕು, ಕೂತಲ್ಲಿಂದ ಬರೋರು ಹೋಗೋರು ಕಾಣ್ಬೇಕು. ಇದನ್ನೆಲ್ಲ ಸೇರಿಸಿದ್ರೆ ಅದು ಜಗಲಿನೇ.

ಹಳೇ ಮನೆನ ಹೊಗಳಿ ಮುಗಿಸೋಕೂ ನನ್ನಿಂದ ಆಗಲ್ಲ, ಅದೇ ಮನೆ ತಾನೇ ಅವರ ಸೊಂಟ ಮುರಿದಿದ್ದು. ಬಚ್ಚಲು ಹೊರಗೆ, ಅಲ್ಲಿಗೆ ಹೋಗೋ ಕಲ್ಲಿನ ಮೆಟ್ಟಿಲ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಪಾಚಿ. ರೆಡ್ ಆಕ್ಸೈಡ್ ನೆಲ ಬೇಸಿಗೆಯಲ್ಲಿ ಕಾಲಿಗೆ ತಂಪು, ಒಂದು ಹನಿ ನೀರು ಬಿದ್ರೆ ಜಾರೋ ನೆಲ. ಹಿಡ್ಕೊಳ್ಳೋಕೆ ಒಂದು ಕಂಬಿ ಇಲ್ಲ. ಹೆಂಗಸರು ಬಗ್ಗಿ ನಡೀಬೇಕಾದ ಅಡುಗೆಮನೆ ಬಾಗಿಲು. ಇವೆಲ್ಲ ಬದಲಾಗ್ಲೇಬೇಕು, ಸಂಪ್ರದಾಯ ಅಂತ ಹೊಸ್ತಿಲಿಗೆ ಅಂಟಿಕೊಂಡು ಕೂರೋದು ನ್ಯಾಯ ಅಲ್ಲ.

ಆದ್ರೆ ಗೋಡೆ ಮತ್ತೆ ಮಾಡು, ಅಂದ್ರೆ ಮೇಲ್ಛಾವಣಿ, ಇವುಗಳ ವಿಷಯದಲ್ಲಿ ಹಳಬರು ಕಡಲನ್ನ ಸರಿಯಾಗಿ ಅರ್ಥ ಮಾಡ್ಕೊಂಡಿದ್ರು. ಮುರಕಲ್ಲು, ಉತ್ತರ ಕನ್ನಡದ ಕಡೆ ಚಿರೇಕಲ್ಲು ಅಂತಾರೆ, ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಇಟ್ಟಷ್ಟೂ ಗಟ್ಟಿ ಆಗೋ ಕಲ್ಲು. ಟಿಪ್ಪು ಬಿದ್ದ ಮೇಲೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನ ಇಟ್ಟಿಗೆ ಥರ ಕಡಿಯೋದು ನೋಡಿಯೇ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದು, ಲ್ಯಾಟಿನ್‌ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಇದನ್ನ ಸುಡಬೇಕಾಗಿಲ್ಲ, ಒಳಗೆ ಸರಳು ಹಾಕ್ಬೇಕಾಗಿಲ್ಲ, ಸರಳೇ ಇಲ್ಲ ಅಂದ್ಮೇಲೆ ಉಪ್ಪಿಗೆ ತುಕ್ಕು ಹಿಡಿಸೋಕೆ ಏನೂ ಇಲ್ಲ. ಅದಕ್ಕೆ ಚಿಪ್ಪಿ ಸುಟ್ಟ ಸುಣ್ಣದ ಗಾರೆ. ಸುಣ್ಣ ಸುಡೋಕೆ ಸುಮಾರು 900 ಡಿಗ್ರಿ ಸಾಕು, ಸಿಮೆಂಟಿಗೆ 1450 ಡಿಗ್ರಿ ಬೇಕು. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬಿಸಿಲು ಬಂದಾಗ ಬಿಡತ್ತೆ. ನಮ್ಮ ತೀರದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ, ಅದೂ ಪಡುವಣದಿಂದ ಅಡ್ಡಡ್ಡ ಬೀಸಿ ಹೊಡೆಯೋ ಮಳೆ, ಅದಕ್ಕೆ ಮಾಡು ಕಡಿದಾಗಿ ಇಳಿದು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಗೆ ಚಾಚಿರತ್ತೆ, ಮೇ ತಿಂಗಳ ಕೊನೆಗೆ ಜಗಲಿ ಸುತ್ತ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ತಾರೆ.

ಮಾಡಿಗೆ ಹಂಚು. ಬಾಸೆಲ್ ಮಿಷನ್‌ನೋರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಆ ಹಂಚು ಆಮೇಲೆ ಕುಂದಾಪುರ ಸುತ್ತಲೂ ಕಾರ್ಖಾನೆಗಳಾಗಿ ನಮ್ಮ ಊರಿನದ್ದೇ ಆಯ್ತು. ಹಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗತ್ತೆ, ಒಂದು ಒಡೆದ್ರೆ ಒಂದನ್ನೇ ಬದಲಾಯಿಸ್ಬಹುದು, ಒಂದು ಮನೆ ಬಿಚ್ಚಿದ್ರೆ ಅದೇ ಹಂಚು ಇನ್ನೊಂದು ಮನೆಗೆ ಹೋಗತ್ತೆ.

ಹಾಗಾದ್ರೆ ಇಷ್ಟು ಒಳ್ಳೆ ಮಾಡನ್ನ ಊರಲ್ಲಿ ಎಲ್ಲರೂ ಯಾಕೆ ತೆಗೆದು ಸ್ಲ್ಯಾಬ್ ಹಾಕಿಸಿದ್ರು? ಇದನ್ನ ನಾನು ಊರಿಡೀ ಕೇಳಿದೆ. ಫ್ಯಾಷನ್ ಅಂತ ಒಬ್ಬರೂ ಹೇಳ್ಲಿಲ್ಲ. ಎಲ್ಲರೂ ಹೇಳಿದ್ದು ಒಂದೇ, ಹತ್ತೋಕೆ ಜನ ಇಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸ್ಬೇಕು, ತರಗೆಲೆ ತೆಗೀಬೇಕು, ಒಡೆದದ್ದು ಬದಲಾಯಿಸ್ಬೇಕು, ಹಂಚಿನಡಿಯ ಮರದ ಪಕಾಸಿಗೆ ಗೆದ್ದಲು ಬಂತಾ ನೋಡ್ಬೇಕು, ತಟ್ಟಿ ಕಟ್ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಸುಣ್ಣ. ಮನೇಲಿ ಹತ್ತು ಜನ ಇದ್ದಾಗ ಅದು ಒಂದು ಹಬ್ಬದ ಥರ ಎರಡು ದಿನದ ಕೆಲಸ. ಹುಡುಗ್ರು ಮುಂಬೈ ಬೆಂಗಳೂರಿನ ಹೋಟೆಲಿಗೆ, ಗಲ್ಫಿಗೆ ಹೋದಮೇಲೆ ಮನೇಲಿ ಉಳಿದ ಒಬ್ಬ ಮುದುಕಿ ಆಳು ಹುಡುಕ್ತಾ ಹುಡುಕ್ತಾ ಮಳೆ ಬಂದೇ ಬಿಡತ್ತೆ, ಸೋರತ್ತೆ, ಮಗ ಫೋನಲ್ಲಿ ಬೇಡ ಬಿಡು ಸ್ಲ್ಯಾಬ್ ಹಾಕ್ಸಿಬಿಡೋಣ ಅಂತಾನೆ. ಅಂದ್ರೆ ನಮ್ಮೂರಲ್ಲಿ ಕಾಂಕ್ರೀಟ್ ಬಂದಿದ್ದು ಒಂಟಿತನದ ಹಿಂದೆ ಹಿಂದೆನೇ. ಮಣ್ಣು ಸುಣ್ಣ ಹಂಚಿನ ಮನೆ ನಾಲ್ಕು ಕೈ ಇದ್ರೆ ಮಾತ್ರ ಉಳಿಯೋ ಮನೆ. ಹಿರಿಯರಿಗೆ ಜೊತೆ ಬೇಕು ಅನ್ನೋದೂ ಕಡಲ ಬದಿಗೆ ತಾಳೋ ಮನೆ ಬೇಕು ಅನ್ನೋದೂ ಎರಡು ಬೇರೆ ಬೇರೆ ಮಾತು ಅಂತ ನಾನು ಅಂದ್ಕೊಂಡಿದ್ದೆ, ಇಲ್ಲ, ಒಂಟಿ ಮನೆಗೆ ಹಂಚು ಭಾರ, ಆರು ಮನೆ ಸೇರಿ ಒಂದೇ ಉದ್ದ ಮಾಡು ಇದ್ರೆ ಒಬ್ಬ ಆಳನ್ನ ಒಂದು ವಾರಕ್ಕೆ ಕರೆಸಿದ್ರೆ ಮುಗೀತು.

ಇದನ್ನೇ ಇಟ್ಕೊಂಡು ನಾವೊಂದಿಷ್ಟು ಜನ ಕೂತು ಯೋಚಿಸ್ತಾ ಇದ್ದೀವಿ. ದೊಡ್ಡಮ್ಮನ ಜಾಗ, ಪಕ್ಕದ ಇಬ್ಬರ ಜಾಗ ಸೇರಿದ್ರೆ ಮುಕ್ಕಾಲು ಎಕರೆ. ಆರು ಸಣ್ಣ ಮನೆ, ಒಂದೊಂದಕ್ಕೂ ಒಂದು ಕೋಣೆ, ಒಂದು ಬಚ್ಚಲು, ಸಣ್ಣ ಅಡುಗೆಮನೆ, ಮತ್ತೆ ಎದುರಿಗೆ ಉದ್ದಕ್ಕೂ ಒಂದೇ ಜಗಲಿ.

ಇಂಥದ್ದು ಮಾಡಿದವರಿಂದ ಕಲೀಬೇಕಲ್ಲ ಅಂತ ಹುಡುಕಿದಾಗ ನಂಗೆ ಹೆಚ್ಚು ಹಿಡಿಸಿದ್ದು ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ 1970ರ ದಶಕದಲ್ಲಿ ತಿರುವನಂತಪುರದ ಪೂಂತುರದಲ್ಲಿ ಮೀನುಗಾರರಿಗೆ ಮಾಡಿದ ಮನೆಗಳು. ಅಲ್ಲಿ ಅವರು ಮನೆಗಳನ್ನ ರೈಲು ಡಬ್ಬಿ ಥರ ಒಂದೇ ಸಾಲಲ್ಲಿ ಇಡಲಿಲ್ಲ, ಒಂದನ್ನ ಸ್ವಲ್ಪ ಮುಂದೆ ಇನ್ನೊಂದನ್ನ ಸ್ವಲ್ಪ ಹಿಂದೆ ಸರಿಸಿದ್ರು, ಆಗ ಎಲ್ಲರ ಮನೆ ಎದುರಿಗೂ ಒಂದು ಅಂಗಳ ಆಯ್ತು, ಎಲ್ಲರಿಗೂ ಕಡಲ ಗಾಳಿ ಸಿಗ್ತು. ಬಲೆ ಒಣಗಿಸೋಕೆ, ಮಕ್ಕಳು ಆಡೋಕೆ ಅದೇ ಅಂಗಳ. ಗೋಡೆಯಲ್ಲಿ ಇಟ್ಟಿಗೆಯ ಜಾಲಿ, ಅಂದ್ರೆ ಮಧ್ಯೆ ಮಧ್ಯೆ ಸಂದಿ ಬಿಟ್ಟು ಜೋಡಿಸಿದ ಇಟ್ಟಿಗೆ, ಬಿರುಗಾಳಿ ಬಂದ್ರೆ ತಡೆದು ನಿಲ್ಲಿಸೋ ಬದಲು ಒಳಗೆ ಬಿಟ್ಟು ಹೊರಗೆ ಕಳಿಸೋ ಗೋಡೆ. ನಮ್ಮ ಪಡುಬದಿ ಗೋಡೆಗೆ ಅದನ್ನೇ ಮಾಡೋದು, ಮೇಲ್ಗಡೆ ಜಾಲಿ, ಕೆಳಗೆ ಮರದ ಕಿಟಕಿ, ಹಲಸಿನದ್ದು ಸಿಕ್ಕಿದ್ರೆ ಹಲಸಿಂದು. ಮುಖ ರಸ್ತೆಗೆ, ಬೆನ್ನು ಕಡಲಿಗೆ, ಬೆನ್ನ ಕಡೆಯಿಂದ ಗಾಳಿ ಬಂದು ಮನೆ ದಾಟಿ ಜಗಲಿಗೆ ಬರ್ಬೇಕು.

ಇನ್ನೊಂದು ಕಲಿತಿದ್ದು ಲಂಡನ್‌ನಿಂದ, ಅದು ಕಡಲ ಬದಿ ಅಲ್ಲ ಆದ್ರೂ. ಹೈ ಬಾರ್ನೆಟ್‌ನಲ್ಲಿ ನ್ಯೂ ಗ್ರೌಂಡ್ ಅಂತ 25 ಮನೆಗಳಿವೆ, 50 ದಾಟಿದ ಹೆಂಗಸರು ತಾವೇ ಕೂಡಿ ಕಟ್ಟಿಸ್ಕೊಂಡು ತಾವೇ ನಡೆಸ್ಕೊಂಡು ಹೋಗೋದು. 1998ರಲ್ಲಿ ಶುರುವಾದ ಗುಂಪು ಮನೆಗೆ ಕಾಲಿಟ್ಟಿದ್ದು 2016ರಲ್ಲಿ. 18 ವರ್ಷ. ಅಷ್ಟು ವರ್ಷ ಕಾಯೋಕೆ ನಮ್ಮ ಹತ್ರ ಸಮಯ ಇಲ್ಲ, ಕೆಲವರು ಕಾಯ್ತಾ ಕಾಯ್ತಾ ಹೋಗಿಬಿಡ್ತಾರೆ, ಆದ್ರೆ ಇರೋರೇ ತೀರ್ಮಾನ ಮಾಡ್ಬೇಕು ಅನ್ನೋದು ಮನಸ್ಸಿಗೆ ನಾಟಿತು. ಅಲ್ಲೀವರೆಗೆ ನಾವು ಮಕ್ಕಳು ಮೊಮ್ಮಕ್ಕಳೇ ಲ್ಯಾಪ್‌ಟಾಪಲ್ಲಿ ಪ್ಲ್ಯಾನ್ ಮಾಡ್ತಾ ಇದ್ವಿ.

ಕಾನೂನಿನ ಮಾತು ಬೇಗ ಹೇಳ್ಬಿಡ್ತೀನಿ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ ಹಳ್ಳಿ ತೀರದಲ್ಲಿ ಜನ ತೀರಾ ಒತ್ತೊತ್ತಾಗಿದ್ರೆ ಭರತರೇಖೆಯಿಂದ 50 ಮೀಟರ್, ಇಲ್ಲದಿದ್ರೆ 200 ಮೀಟರ್ ಒಳಗೆ ಹೊಸದು ಕಟ್ಟೋ ಹಾಗಿಲ್ಲ. ನಮ್ಮ ಜಾಗ 200 ದಾಟಿದೆ. ಕೆಲವರಿಗೆ ಈ ನಿಯಮ ಅಂದ್ರೆ ಸಿಟ್ಟು, ನಂಗೆ ಇಲ್ಲ, ಕಡಲ್ಕೊರೆತಕ್ಕೆ ತೆಂಗಿನಮರ ಬುಡಸಮೇತ ಮಗುಚಿಬಿದ್ದಿದ್ದು ನೋಡಿ ಬೆಳೆದವನು ನಾನು. ಮುಂದಿನ ಮರಳದಿಬ್ಬ, ಅದರ ಮೇಲೆ ಹಬ್ಬಿರೋ ಅಡುಂಬು ಬಳ್ಳಿ, ಮುಂಡಕದ ಪೊದೆ, ಹೊನ್ನೆಮರ, ಇವನ್ನ ವ್ಯೂ ಗೋಸ್ಕರ ಸಪಾಟು ಮಾಡಿದ ಕಡೆಯೆಲ್ಲ ಉಪ್ಪುಗಾಳಿ ನೇರ ಗೋಡೆಗೇ ಬಂದು ಹೊಡೆಯತ್ತೆ. ಅದನ್ನ ಮುಟ್ಟಬಾರ್ದು ಅಂತ ನಮ್ಮಲ್ಲಿ ಮೊದಲ ದಿನವೇ ಆಗಿತ್ತು.

ಬಾವಿನೂ ಹಾಗೆ. ಕಡಲ ಬದಿಯ ಮರಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರತ್ತೆ, ಸಮುದ್ರಮಟ್ಟದಿಂದ ಒಂದು ಮೀಟರ್ ಮೇಲೆ ಸಿಹಿನೀರಿದ್ರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಅದೇ ನೀರು ಉಪ್ಪನ್ನ ಒತ್ತಿ ಹಿಡಿದಿರತ್ತೆ, ಲೆಕ್ಕ ಅದು. ಮೇಲಿಂದ ಪಂಪ್ ಹಾಕಿ ಒಂದಡಿ ಇಳಿಸಿದ್ರೆ ಕೆಳಗಿಂದ ಉಪ್ಪು ಅದರ 40 ಪಟ್ಟು ಏರಿ ಬರಬಹುದು. ಅದಕ್ಕೇ ನಮಗೆ ಬೋರ್‌ವೆಲ್ ಬೇಡ, ಇರೋ ತೆರೆದ ಬಾವಿಯೊಂದೇ, ಮಾಡಿನ ನೀರೆಲ್ಲ ಸೋಸಿ ಬಾವಿ ಪಕ್ಕದ ಗುಂಡಿಗೆ, ಕಕ್ಕಸಿನ ಗುಂಡಿ ಆದಷ್ಟೂ ದೂರಕ್ಕೆ.

ಏಪ್ರಿಲ್ ಕೊನೆಯಲ್ಲಿ ಒಂದು ಭಾನುವಾರ ಪ್ಲ್ಯಾನ್‌ನ ನೆಲದ ಮೇಲೇ ಬರೆದು ತೋರಿಸೋಣ ಅಂತ ಹೋದ್ವಿ. ಗೂಟ ಹೊಡೆದು ತೆಂಗಿನನಾರಿನ ಹಗ್ಗ ಎಳೆದು ಆರು ಮನೆ, ಬಾಗಿಲಿದ್ದಲ್ಲಿ ಸುಣ್ಣದ ಪುಡಿ. ಇರಬೇಕಾದ ಆರು ಜನರಲ್ಲಿ ನಾಲ್ಕು ಜನ ಬಂದಿದ್ರು, ದೊಡ್ಡಮ್ಮ ವಾಕರ್‌ನಲ್ಲಿ. ಹಗ್ಗದೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ವಿ. ಒಂದು ಗಂಟೆಯಲ್ಲಿ ನಮ್ಮ ಆರು ತಿಂಗಳ ಪ್ಲ್ಯಾನ್ ಅರ್ಧ ಬದಲಾಯ್ತು.

ನೆಲಗಟ್ಟು ಎರಡಡಿ ಎತ್ತರ ಇಡಬೇಕು, ನೀರು ನಿಲ್ಲೋ ಜಾಗ. ಮೆಟ್ಟಿಲು ಬೇಡ ರ‍್ಯಾಂಪ್ ಅಂತ ನಾವು. ಒಂದಕ್ಕೆ ಹನ್ನೆರಡರ ಇಳಿಜಾರು ಅಂದ್ರೆ ಎರಡಡಿಗೆ 24 ಅಡಿ ಉದ್ದ, ಇಷ್ಟುದ್ದದ್ದು ಎಲ್ಲಿ ಹಾಕೋದು ಅಂತ ಮೂಲೆಯಲ್ಲಿ ಸುತ್ತಿಸಿ ಬರೆದಿದ್ವಿ. ಆಚೆಮನೆ ಅಕ್ಕ ನೋಡಿ, ಇದನ್ನ ಯಾಕೆ ಮೂಲೆಗೆ ಹಾಕಿದ್ರಿ, ಜಗಲಿ ಎದುರೇ ಬರ್ಲಿ, ನಡ್ಕೊಂಡು ಬರೋರನ್ನ ಮಾತಾಡಿಸ್ತಾ ಇರಬಹುದು ಅಂದ್ರು. ಈಗ ರ‍್ಯಾಂಪ್ ಜಗಲಿಯ ಉದ್ದಕ್ಕೇ ಮಾಡಿನ ಅಡಿಯಲ್ಲೇ ಏರತ್ತೆ, ಒಂದು ಕಡೆ ಮರದ ಹಿಡಿಕಂಬಿ, ಅರ್ಧದಲ್ಲಿ ಸುಧಾರಿಸಿಕೊಳ್ಳೋಕೆ ಒಂದು ಕಲ್ಲಿನ ಆಸನ.

ಆಮೇಲೆ ಮೀನಿನ ವಿಷಯ. ಬರೋರಲ್ಲಿ ಒಬ್ಬರು ಮೀನು ತಿನ್ನಲ್ಲ, ಮೂರು ಜನರಿಗೆ ಮೀನಿಲ್ಲದೆ ಊಟ ಇಳಿಯಲ್ಲ. ನಾವು ಇದನ್ನ ಮಾತಾಡೋಕೇ ಹೆದರಿ ಬಿಟ್ಟಿದ್ವಿ. ಅವರೇ ತೆಗೆದು ಅವರೇ ಮುಗಿಸಿದ್ರು. ಮಧ್ಯಾಹ್ನದ ಗಾಳಿ ಪಡುವಣದಿಂದ ಮೂಡಣಕ್ಕೆ ತಾನೇ, ಹಾಗಿದ್ರೆ ಮೀನು ಕೊಯ್ಯೋ ಕಟ್ಟೆ ಮೂಡುಬದಿ ಬೇಲಿ ಹತ್ರ, ಬಾವಿಯಿಂದ ದೂರ, ನಲ್ಲಿ ಒಂದು, ತೊಳೆದ ನೀರು ತೆಂಗಿನಬುಡಕ್ಕೆ. ಕೂತು ಕೊಯ್ಯೋಕೆ ಮಂಡಿ ನೋವು ಅಂತ ಕಟ್ಟೆ ಎತ್ತರ ಎಷ್ಟಿರ್ಬೇಕು ಅಂತ ಒಬ್ಬರ ಸೊಂಟಕ್ಕೆ ಕೈ ಇಟ್ಟು ಅಳೆದ್ರು.

ಮೂರು ಗಂಟೆ ಹೊತ್ತಿಗೆ ಗಾಳಿ ಬಂತು. ಗೋಡೆ ಇಲ್ಲದ ಮನೆಯಲ್ಲಿ ಕೂತ ನಾಲ್ಕೂ ಜನರ ಸೆರಗು ಒಂದೇ ದಿಕ್ಕಿಗೆ ಹಾರ್ತಿತ್ತು. ದೊಡ್ಡಮ್ಮ ಮಾತ್ರ ತಮ್ಮ ಹಗ್ಗದ ಮನೆಯ ಜಗಲಿಯಲ್ಲಿ ಕೂತು ಕತ್ತು ಬಗ್ಗಿಸಿ ಎಡಕ್ಕೆ ನೋಡ್ತಾ ಇದ್ರು, ತೃಪ್ತಿ ಇರ್ಲಿಲ್ಲ ಮುಖದಲ್ಲಿ. ಏನು ದೊಡ್ಡಮ್ಮ ಅಂದೆ. ತಿರುವು ಕಾಂತಿಲ್ಲ ಅಂದ್ರು. ಎದ್ದು ವಾಕರ್ ಹಿಡ್ಕೊಂಡು ಎರಡು ಹೆಜ್ಜೆ ಮುಂದೆ ಬಂದು ನಿಂತು, ಇಲ್ಲಿಂದ ಕಾಂತ್ ಅಂದ್ರು. ಗೂಟ ಕಿತ್ತು ಎರಡಡಿ ಮುಂದೆ ಹೊಡೆದ್ವಿ. ಕೊನೆಯ ಮನೆ ಈಗ ಉಳಿದದ್ದಕ್ಕಿಂತ ಎರಡಡಿ ಮುಂದೆ ಚಾಚಿದೆ, ಅದರಿಂದ ಪಕ್ಕದ ಮನೆಗೆ ಸಂಜೆ ಒಂದಿಷ್ಟು ಮರೆನೂ ಸಿಗ್ತು, ಬೇಕಾದವರು ಸ್ವಲ್ಪ ಒಳಗೆ ಕೂರಬಹುದು.

ಹೊರಡುವಾಗ ಹಗ್ಗ ಸುತ್ತಿ ಇಡೋಕೆ ಹೋದ್ರೆ ತೆಗೀಬೇಡಿ ಅಂತ ಬೈದ್ರು. ಈಗ ಮಳೆ ಶುರುವಾಗಿದೆ, ನಾರಿನ ಹಗ್ಗ ನೆನೆದು ಕಪ್ಪಾಗಿದೆಯಂತೆ, ಒಳಗೆಲ್ಲ ಹುಲ್ಲು ಎದ್ದಿದೆಯಂತೆ, ನಿಂತ ನೀರು ಎಲ್ಲೀವರೆಗೆ ಬಂತು ಅಂತ ಗೂಟಕ್ಕೆ ಒಂದು ಗೀಟು ಹಾಕಿಸಿದ್ದಾರೆ. ನೆಲಗಟ್ಟು ಎರಡಡಿ ಸಾಲಲ್ಲ, ಇನ್ನೂ ನಾಲ್ಕು ಬೆರಳು ಬೇಕು ಅಂತ ಮೊನ್ನೆ ಫೋನಲ್ಲಿ ಹೇಳಿದ್ರು. ಹಾಗಾದ್ರೆ ರ‍್ಯಾಂಪ್ ಇನ್ನೊಂದು ಮೂರ್ನಾಲ್ಕಡಿ ಉದ್ದ ಆಗತ್ತೆ ದೊಡ್ಡಮ್ಮ ಅಂದೆ. ಆಗ್ಲಿ, ಇನ್ನೊಂದ್ ಜನ ಕೂಕಂಬುದ್ ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, "ಕಲ್ಲ್ ಯಾವತ್ತ್ ಬತ್ತ್ ಮಗಾ?"